ಹೊಲದಂಚಿನ ತಿರುವು

ವಿಮಾನದಿಂದ ಕೀಟನಾಶಕ ಚೆಲ್ಲುವ ಪ್ರಯೋಗವನ್ನು 1921ರ ಆಗಸ್ಟ್ 3ರಂದು ಅಮೆರಿಕದ ಓಹಾಯೋ ಪ್ರಾಂತದಲ್ಲಿ ಸೇನೆಯ ವೈಮಾನಿಕ ಜಾನ್ ಮೆಕ್ರೆಡಿ ಮಾಡಿ ತೋರಿಸಿದರು. ಕಟಾಲ್ಪ ಮರಗಳ ತೋಪಿನ ಕಂಬಳಿಹುಳುಗಳ ಮೇಲೆ ಅವರು ಸುರಿದದ್ದು ಸೀಸದ ಆರ್ಸೆನೇಟ್ ಪುಡಿ. ಮರುವರ್ಷವೇ ಲೂಸಿಯಾನದ ಹತ್ತಿಯ ಹೊಲಗಳ ಮೇಲೆ ಈ ವಿಮಾನಗಳು ಹಾರಿದವು. ಈ ವೃತ್ತಿಯ ಸಾಹಸವನ್ನು ಕೊಂಡಾಡಿದವರು ಬಹಳ ಮಂದಿ. ನಾನು ಹೇಳಹೊರಟಿರುವುದು ಅದರ ಸಾವುಗಳ ವಿಷಯ.

ಪೈರಿನ ನೆತ್ತಿ ಸವರುವಂತೆ ಹಾರುತ್ತಿರುವಾಗ ವಿಮಾನ ಸಾಮಾನ್ಯವಾಗಿ ವೇಗವಾಗಿಯೇ ಇರುತ್ತದೆ. ಆಗ ತಂತಿ, ಮರಗಳ ಭಯವುಂಟು. ಇನ್ನೊಂದು ಗಂಡಾಂತರ ಕಾದಿರುವುದು ಹೊಲದ ಅಂಚಿನಲ್ಲಿ. ಅಲ್ಲಿ ಚಾಲಕ ಥಟ್ಟನೆ ಮೇಲೇರಿ, ಓರೆಯಾಗಿ ತಿರುಗಿ, ಮುಂದಿನ ಸಾಲಿಗೆ ಬರಬೇಕು. ರೆಕ್ಕೆ ಗಾಳಿಯನ್ನು ಎದುರಿಸುವ ಕೋನ ಒಂದು ಮಿತಿಯನ್ನು ದಾಟಿದರೆ ಅದರ ಎತ್ತುವ ಶಕ್ತಿ ಕುಸಿಯುತ್ತದೆ. ಇದನ್ನೇ ಸ್ಟಾಲ್ ಎನ್ನುವರು. ಎಂಜಿನ್ನು ನಿಂತುಹೋಗುವುದೆಂದು ಹಲವರು ತಿಳಿದಿರುವರು, ಅದು ಸರಿಯಲ್ಲ. ಎತ್ತರ ಕೆಡದಂತೆ 60 ಡಿಗ್ರಿ ಓರೆಯಾಗಿ ತಿರುಗುವ ವಿಮಾನದ ರೆಕ್ಕೆ ಇಮ್ಮಡಿ ಭಾರವನ್ನು ಹೊರಬೇಕು. ಸ್ಟಾಲಿನ ವೇಗವೂ ನೂರಕ್ಕೆ 41ರಷ್ಟು ಏರುತ್ತದೆ. ತೊಟ್ಟಿಯಲ್ಲಿ ಔಷಧ ತುಂಬಿದ್ದರಂತೂ ಅಂತರ ಇನ್ನೂ ಕಿರಿದು. ಇದರ ಮೇಲೆ ಕಣ್ಣಿನ ಮೋಸ ಬೇರೆ: ಗಾಳಿಗೆ ಬೆನ್ನುಕೊಟ್ಟು ತಿರುಗುವಾಗ ನೆಲ ಸರಸರನೆ ಹಿಂದೋಡುತ್ತದೆ, ವೇಗ ಸಾಲದಷ್ಟಿದ್ದರೂ ಸಾಕೆಂದೇ ತೋರುತ್ತದೆ. ಸಾವಿರಾರು ಅಡಿ ಮೇಲಿದ್ದರೆ ಮೂತಿಯನ್ನು ತಗ್ಗಿಸಿ ಚೇತರಿಸಿಕೊಳ್ಳಬಹುದು. ನೂರು ಅಡಿಯಲ್ಲಿ ಆ ಅವಕಾಶವೆಲ್ಲಿ?

ಚಾಲಕನ ತಪ್ಪು ಎಂದು ಬರೆದು ಕಡತ ಮುಚ್ಚುವುದು ಸುಲಭ. ಅದು ಸುಳ್ಳೆಂದು ನಾನು ಹೇಳಲಾರೆ. ಆದರೆ ಅಲ್ಲಿಗೇ ನಿಲ್ಲದ ಇಂಜಿನಿಯರೊಬ್ಬರಿದ್ದರು, ಫ್ರೆಡ್ ವೀಕ್. 1937ರಲ್ಲಿ ಹಾರಿದ ತಮ್ಮ ಅರ್ಕೂಪ್ ವಿಮಾನದಲ್ಲಿ ಅವರು ಮೂತಿಯನ್ನು ಅತಿಯಾಗಿ ಎತ್ತಲು ಬಾರದಂತೆಯೇ ಕಟ್ಟುಮಾಡಿದ್ದರು. ಹೊಲದ ಕೊನೆಯ ಮರಗಳನ್ನು ದಾಟಿಸಬೇಕಾದವನಿಗೆ ಅಂಥ ಕಟ್ಟು ಒಗ್ಗುವಂಥದಲ್ಲವೆಂದು ನನ್ನ ಎಣಿಕೆ. ಟೆಕ್ಸಸ್‌ನ ಕೃಷಿ ಮತ್ತು ಯಂತ್ರಶಾಸ್ತ್ರ ಕಾಲೇಜಿನಲ್ಲಿ ಅವರು ರಚಿಸಿ, 1950ರ ಡಿಸೆಂಬರಿನಲ್ಲಿ ಹಾರಿದ 'ಎಜಿ-1' ವಿಮಾನದಲ್ಲಿ ಬೇರೊಂದು ಪ್ರಶ್ನೆಗೆ ಉತ್ತರವಿತ್ತು: ಬಿದ್ದರೂ ಒಳಗಿನವನು ಬದುಕುವುದು ಹೇಗೆ?

ಈ ಪ್ರಶ್ನೆಯ ಬೇರು ಮೊದಲನೆಯ ಮಹಾಯುದ್ಧದಲ್ಲಿದೆ. ತರಬೇತಿಯ ಹಾರಾಟದಲ್ಲಿ ವಿಮಾನಗಳು ಡಿಕ್ಕಿಯಾಗಿ ಬಿದ್ದು ಬದುಕುಳಿದ ಹ್ಯೂ ಡಿ ಹೇವನ್, ತನ್ನ ಒಳಗಾಯಗಳಿಗೆ ಸೊಂಟಪಟ್ಟಿಯ ಬಕ್ಕಲ್ಲೇ ಕಾರಣವೆಂದು ಕಂಡುಕೊಂಡರು. 1942ರಿಂದ ಅವರು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆಸಿದ ಅಪಘಾತ-ಗಾಯಗಳ ಸಂಶೋಧನೆ ವೀಕ್ ಅವರ ನೆರವಿಗೆ ಬಂದಿತು. ಎಂಜಿನ್ನೂ ಔಷಧದ ತೊಟ್ಟಿಯೂ ಮುಂದೆ, ಚಾಲಕನು ಹಿಂದೆ, ಎತ್ತರದಲ್ಲಿ. ಹೆಗಲಿಗೆ ಭದ್ರವಾದ ಪಟ್ಟಿ. ನೆಲಕ್ಕೆ ಬಡಿದರೆ ಮುಂಭಾಗ ಮುದುಡಿ ಪೆಟ್ಟನ್ನು ನುಂಗಬೇಕು.

ಇದೇ ಕ್ರಮದ 'ಪೈಪರ್ ಪಾನಿ' 1959ರಿಂದ ಮಾರಾಟಕ್ಕೆ ಬಂದು, 5,000ಕ್ಕೂ ಮಿಗಿಲಾಗಿ ತಯಾರಾಯಿತು. ಒಂದು ಕೊರತೆ ಮಾತ್ರ ಬಹುಕಾಲ ಉಳಿಯಿತು. ಇಂಧನದ ತೊಟ್ಟಿ ಚಾಲಕನ ಮುಂದೆಯೇ ಇತ್ತು. ಪೆಟ್ಟಿನಿಂದ ಪಾರಾದವನಿಗೂ ಬೆಂಕಿಯ ಭಯ ತಪ್ಪಿರಲಿಲ್ಲ. ಅದು ರೆಕ್ಕೆಗಳಿಗೆ ಸರಿದದ್ದು 'ಡಿ' ಮಾದರಿಯಲ್ಲಿ.

ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ 'ಬಸಂತ್' ಈ ರೂಪದಲ್ಲಿ ಹಾರಿದ್ದು 1972ರ ಮಾರ್ಚ್ 30ರಂದು. ಅದರಲ್ಲಿಯೂ ತೊಟ್ಟಿ ಎಂಜಿನ್ನಿನ ಬೆನ್ನಿಗೆ. ಚಾಲಕನ ಪೀಠ ಅದರ ಹಿಂದೆ, ಎತ್ತರದಲ್ಲಿ.