ಭೂಪುರಾತತ್ತ್ವ: ಕಲಾದಗಿ ಸೀಮೆಯ ಅಧ್ಯಯನದ ಇತಿಹಾಸ

ಹಿಂದಿನ ಮನುಷ್ಯರು ಬಿಟ್ಟುಹೋದ ಕುರುಹುಗಳನ್ನು ಅವು ಸಿಕ್ಕ ಕಲ್ಲು, ಮಣ್ಣು, ಹೊಳೆಯ ಮೆಕ್ಕಲಿನ ಜೊತೆಗೇ ಇಟ್ಟು ಪರಿಶೀಲಿಸುವ ಶಾಸ್ತ್ರ ಭೂಪುರಾತತ್ತ್ವ. ಭೂವಿಜ್ಞಾನ, ಪ್ರಾಗಿತಿಹಾಸ, ಭೂಗೋಳ ಮೂರೂ ಇದರಲ್ಲಿ ಕೂಡುತ್ತವೆ. ಈ ಹೆಸರು ವಿದ್ವಾಂಸರ ಬಳಕೆಯಲ್ಲಿ ನೆಲೆಯೂರಿದ್ದು 1970ರ ದಶಕದಲ್ಲಿ. ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿ ಈ ಬಗೆಯ ಕೆಲಸ ಶುರುವಾದದ್ದು ಅದಕ್ಕೂ ನೂರು ವರ್ಷ ಮೊದಲು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಆಯುಧವನ್ನು ಗುರುತಿಸಿದ್ದರು. ದಕ್ಷಿಣ ಮರಾಠಾ ಸೀಮೆಯ ಶಿಲೆಗಳನ್ನು ಕುರಿತ ಅವರ ವರದಿ 1876ರಲ್ಲಿ ಹೊರಬಂತು. ಆಗ ಜಿಲ್ಲಾ ಕೇಂದ್ರವಾಗಿದ್ದ ಕಲಾದಗಿಯ ಹೆಸರೇ ಇಲ್ಲಿನ ಶಿಲಾಸಮೂಹಕ್ಕೆ ನಿಂತಿತು. ಬಂಡೆಗಳ ನಕ್ಷೆ ಬರೆಯಲು ಬಂದವರಿಗೆ ಮಲಪ್ರಭೆಯ ಕಣಿವೆಯಲ್ಲಿ ಕಲ್ಲಿನ ಆಯುಧಗಳೂ ಸಿಕ್ಕವು.

ಶಿಲೆಗಳ ಅನುಕ್ರಮ ಹೀಗಿದೆ: ಹುನಗುಂದ, ಇಳಕಲ್ ಕಡೆಯ ಶಿಸ್ಟ್ ಮತ್ತು ಗ್ರಾನೈಟ್ ಎಲ್ಲಕ್ಕಿಂತ ಹಳೆಯ ತಳ. ಹೆಸರಾಂತ ಇಳಕಲ್ ಕೆಂಪು ಗ್ರಾನೈಟ್ ಈ ತಳದ್ದೇ. ಅದರ ಮೇಲೆ ಮಡಿಕೆಬಿದ್ದು ಓರೆಯಾದ ಬಾಗಲಕೋಟೆ ಪದರಗಳು. ಅವುಗಳ ಮೇಲೆ ಬಹುಮಟ್ಟಿಗೆ ಮಟ್ಟಸವಾಗಿಯೇ ಉಳಿದ ಬಾದಾಮಿಯ ಮರಳುಗಲ್ಲು. ಶಿಲಾಯುಗದವರು ಆಯುಧಕ್ಕೆ ಆರಿಸಿಕೊಂಡದ್ದು ಮುಖ್ಯವಾಗಿ ಗಟ್ಟಿ ಕ್ವಾರ್ಟ್‌ಜೈಟನ್ನು.

ಪುಣೆಯ ಡೆಕ್ಕನ್ ಕಾಲೇಜಿನ ಆರ್.ವಿ. ಜೋಶಿ ಅವರ ಮಲಪ್ರಭಾ ಕಣಿವೆಯ ಅಧ್ಯಯನ 1955ರಲ್ಲಿ ಪ್ರಕಟವಾಯಿತು. ಅದರೊಂದಿಗೆ ಹೊಳೆಯೇ ಅಧ್ಯಯನದ ವಿಷಯವಾಯಿತು. ದಪ್ಪ ಉರುಟುಗಲ್ಲು ಉರುಳಿಬರಬೇಕಾದರೆ ನೀರಿಗೆ ಸೆಳವು ಬೇಕು. ನವುರಾದ ಮೆಕ್ಕಲು ತಂಗಬೇಕಾದರೆ ಹರಿವು ನಿಧಾನಿಸಬೇಕು. ದಂಡೆಯಲ್ಲಿ ಒಂದರ ಮೇಲೊಂದು ಕೂತ ಈ ಪದರಗಳಿಂದ ಹಿಂದಿನ ಹವೆಯನ್ನೂ ಆಯುಧಗಳ ಹಿಂದುಮುಂದನ್ನೂ ಊಹಿಸಬಹುದು.

ಆದರೆ ಹೊಳೆ ಹೊತ್ತು ತಂದ ಕೈಗೊಡಲಿ ತಾನು ತಯಾರಾದ ಜಾಗವನ್ನು ಹೇಳದು. ಅದನ್ನು ತಿಳಿಯಲು ಹೊಳೆಯಾಚೆಯ ನೆಲವನ್ನೂ ನೋಡಬೇಕು.

ಆರ್.ಎಸ್. ಪಪ್ಪು ಘಟಪ್ರಭೆಯ ದಂಡೆಯ ಅನಗವಾಡಿಯಲ್ಲಿ ಉತ್ಖನನ ನಡೆಸಿದರು. ಸುಷಮಾ ದೇವ್ ಅವರೊಂದಿಗೆ 1994ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಡೀ ಕಲಾದಗಿ ಸೀಮೆಯ ನೆಲಕ್ಕೂ ಅಲ್ಲಿದ್ದ ಮನುಷ್ಯನಿಗೂ ಇದ್ದ ನಂಟನ್ನು ಚರ್ಚಿಸಿದರು. ಬಾದಾಮಿ ತಾಲ್ಲೂಕಿನ ಲಖಮಾಪುರದಲ್ಲಿ ಮೈಕೆಲ್ ಪೆಟ್ರಾಗ್ಲಿಯಾ, ಜೋಸೆಫ್ ಶುಲ್ಡೆನ್‌ರೈನ್ ಮತ್ತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಕೆಲಸ ಮಾಡಿದರು. 2003ರ ಅವರ ಪ್ರಬಂಧ ಕೈಗೊಡಲಿಗಳ ಅಶೂಲಿಯನ್ ಹಂತದಿಂದ ಮಧ್ಯ ಹಳೆ ಶಿಲಾಯುಗಕ್ಕೆ ಆದ ಬದಲಾವಣೆಯನ್ನು ಸುತ್ತಲಿನ ಭೂದೃಶ್ಯದಲ್ಲಿಟ್ಟು ನೋಡಿತು.

ಕಲ್ಲಿನ ಬಳಕೆಯ ಕಥೆ ಶಿಲಾಯುಗಕ್ಕೆ ನಿಲ್ಲುವುದಿಲ್ಲ. ಐಹೊಳೆಯ ಮೇಗುತಿ ಗುಡ್ಡದ ಮೇಲೆ ಮರಳುಗಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಬೃಹತ್ ಶಿಲಾಗೋರಿಗಳಿವೆ. ಎ. ಸುಂದರ ಅವರು ದಕ್ಷಿಣ ಭಾರತದ ಇಂಥ ಗೋರಿಗಳ ಬಗ್ಗೆ 1975ರಲ್ಲಿ ಗ್ರಂಥ ಪ್ರಕಟಿಸಿದರು. ಅದೇ ಗುಡ್ಡದ ಜಿನಾಲಯದಲ್ಲಿ ಕವಿ ರವಿಕೀರ್ತಿಯ ಕ್ರಿ.ಶ. 634ರ ಶಾಸನವಿದೆ. ಬಾದಾಮಿಯ ಮೂರನೆಯ ಗುಹೆ, ಅಲ್ಲಿನ ಶಾಸನ ಹೇಳುವಂತೆ, 578ರದು. ಅದನ್ನು ಕೊರೆದದ್ದೂ ಮರಳುಗಲ್ಲಿನಲ್ಲೇ. ಪಟ್ಟದಕಲ್ಲಿನ ಉತ್ತರಕ್ಕಿರುವ ಹಳೆಯ ಕಲ್ಲುಗಣಿಯಲ್ಲಿ ಕಲ್ಲುಕುಟಿಗರು ಬಿಟ್ಟ ಗುರುತುಗಳು ಉಳಿದಿವೆ. ದೇವಾಲಯದ ಕಲ್ಲು ಯಾವ ಪದರದಿಂದ ಎದ್ದು ಬಂತು ಎಂಬ ಪ್ರಶ್ನೆಯೂ ಹೀಗೆ ಈ ಶಾಸ್ತ್ರದ ವ್ಯಾಪ್ತಿಗೆ ಸೇರುತ್ತದೆ.