ತಾಪದಿಂದ ಶೈತ್ಯ, ಶೈತ್ಯದಿಂದ ಅನಾವೃಷ್ಟಿ: ಮಲಪ್ರಭಾತೀರದ ಕ್ಷಾಮಗಳ ಇತಿಹಾಸಕ್ಕೊಂದು ಉಪೋದ್ಘಾತ

೧

ಕಾರಣದಲ್ಲಿರುವ ಗುಣವೇ ಕಾರ್ಯದಲ್ಲಿಯೂ ಕಾಣಿಸತಕ್ಕದ್ದೆಂಬುದು ತಾರ್ಕಿಕರ ಸಾಮಾನ್ಯ ನಿಯಮ. ಬಿಳಿಯ ನೂಲಿನಿಂದ ಬಿಳಿಯ ಬಟ್ಟೆಯೇ ಹುಟ್ಟುವುದಲ್ಲದೆ ಕರಿಯ ಬಟ್ಟೆ ಹುಟ್ಟಲಾರದು. ಹೀಗಿರುವಲ್ಲಿ, ಭೂಮಂಡಲದ ತಾಪವು ಏರುತ್ತಿರುವುದರಿಂದಲೇ ಕೆಲವು ಪ್ರದೇಶಗಳು ಮೊದಲಿಗಿಂತ ತಣ್ಣಗಾಗಬಹುದೆಂದು ಹವಾಮಾನಶಾಸ್ತ್ರಜ್ಞರು ಹೇಳುವ ಮಾತು ಅನೇಕರಿಗೆ ಅಸಂಬದ್ಧವೆಂದು ತೋರುವುದು ಆಶ್ಚರ್ಯವಲ್ಲ. ಮಾಗಿಯಲ್ಲಿ ನಾಲ್ಕು ದಿನ ಚಳಿ ಹೆಚ್ಚಾದೊಡನೆ “ತಾಪವೆಲ್ಲಿ ಏರಿತು?” ಎಂದು ಕೇಳುವವರು ವಿದ್ಯಾವಂತರಲ್ಲಿಯೂ ಉಂಟು.

ಆದರೆ ನಮ್ಮ ಆಲಂಕಾರಿಕರಿಗೆ ಈ ಮಾತು ಹೊಸದಲ್ಲ. ಕಾರಣದ ಗುಣಕ್ಕೆ ವಿರುದ್ಧವಾದ ಗುಣವುಳ್ಳ ಕಾರ್ಯವು ಹುಟ್ಟಿದಲ್ಲಿ ಅವರು ಅದನ್ನು ವಿಷಮವೆಂದು ಕರೆದರು. ಕಾರಣವು ಒಂದೆಡೆಯಲ್ಲಿದ್ದು ಕಾರ್ಯವು ಮತ್ತೊಂದೆಡೆಯಲ್ಲಿ ತೋರಿದಲ್ಲಿ ಅಸಂಗತಿಯೆಂದರು. ಕವಿಯು ಪ್ರತಿಭೆಯಿಂದ ಕಲ್ಪಿಸುವ ಈ ಎರಡನ್ನೂ ಪ್ರಕೃತಿಯು ವಸ್ತುತಃ ಮಾಡಿ ತೋರಿಸುವುದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳೆಂಬ ನಾಲ್ಕು ಸೀಮೆಗಳ ಕ್ಷಾಮಚರಿತ್ರೆಯನ್ನು ಓದುವವರಿಗೆ ಈ ತತ್ತ್ವವು ಅವಶ್ಯವಾದುದೆಂದು ತೋರಿಸುವುದೇ ಈ ಲೇಖನದ ಉದ್ದೇಶವು.

೨

ಮೊದಲು ನೆಲದ ವಿಚಾರ. ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಸಹ್ಯಾದ್ರಿಯ ಮಡಿಲಿನಲ್ಲಿ ಹುಟ್ಟಿ, ಎಂ. ಕೆ. ಹುಬ್ಬಳ್ಳಿಯ ಮೇಲೆ ಹರಿದು, ಸವದತ್ತಿಯ ಹತ್ತಿರ ನವಿಲುತೀರ್ಥದ ಕಣಿವೆಯನ್ನು ಸೀಳಿಕೊಂಡು, ರಾಮದುರ್ಗವನ್ನು ತಾಕಿ, ಬಾದಾಮಿ ಪಟ್ಟದಕಲ್ಲುಗಳ ಪ್ರಾಂತವನ್ನು ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವಳು. ಉಗಮದಲ್ಲಿ ಮಳೆಯು ಅಪಾರ. ಪಡುವಣ ಗಾಳಿಯು ಘಟ್ಟವನ್ನೇರುವಾಗಲೇ ತನ್ನ ನೀರಿನ ಹೊರೆಯನ್ನು ಬಹುಮಟ್ಟಿಗೆ ಇಳಿಸಿಬಿಡುವುದರಿಂದ, ಕಿತ್ತೂರಿನಿಂದ ಮೂಡಣಕ್ಕೆ ಹೋದಂತೆಲ್ಲ ಮಳೆ ತೆಳುವಾಗುತ್ತ ಬರುವುದು. ಸವದತ್ತಿ ರಾಮದುರ್ಗಗಳಲ್ಲಿ ವರ್ಷಕ್ಕೆ ಬೀಳುವುದು ಸುಮಾರು ೬೦೦ ಮಿಲಿಮೀಟರು ಅಥವಾ ಅದಕ್ಕಿಂತ ಕಡಿಮೆ. ಅಲ್ಲಿಯ ಎರೆಭೂಮಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆಗಳು ಹಿಂಗಾರಿಯ ಹಸಿಯನ್ನೂ ಮಾಗಿಯ ಇಬ್ಬನಿಯನ್ನೂ ನೆಚ್ಚಿ ಬೆಳೆಯತಕ್ಕವು.

ಇಲ್ಲಿ ಒಂದು ಅಂಶವು ಗಮನಾರ್ಹವಾಗಿದೆ. ನಮ್ಮ ಶಾಸ್ತ್ರಕಾರರು ಎಣಿಸಿದ ಆರು ಈತಿಬಾಧೆಗಳಲ್ಲಿ ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡತೆ, ಗಿಳಿ, ನೆರೆಯ ಅರಸರ ದಂಡು ಇವೆಲ್ಲವೂ ಇವೆ, ಚಳಿಯಿಲ್ಲ. ಶೈತ್ಯವು ಈ ದೇಶದಲ್ಲಿ ಜನಪದವನ್ನು ನಾಶಮಾಡುವ ಬಾಧೆಯೇ ಅಲ್ಲ. ಆದುದರಿಂದ ದೂರದ ಶೈತ್ಯವು ಮಲಪ್ರಭಾತೀರಕ್ಕೆ ಬರುವುದಾದರೆ ಶೈತ್ಯದ ರೂಪದಿಂದ ಬರಲಾರದು. ಆ ಪಟ್ಟಿಯಲ್ಲಿರುವ ಅನಾವೃಷ್ಟಿಯ ರೂಪದಿಂದಲೇ ಬರತಕ್ಕದ್ದು.

೩

ತಾಪವು ಶೈತ್ಯವನ್ನು ಹೇಗೆ ಹಡೆಯುವುದು? ಅಟ್ಲಾಂಟಿಕ್ ಮಹಾಸಾಗರದಲ್ಲಿ ದಕ್ಷಿಣದ ಬೆಚ್ಚಗಿನ ಉಪ್ಪುನೀರು ಮೇಲುಗಡೆಯಲ್ಲಿ ಉತ್ತರಕ್ಕೆ ಹರಿಯುತ್ತಿರುವುದು. ಐಸ್‌ಲೆಂಡ್ ಗ್ರೀನ್‌ಲೆಂಡುಗಳ ಆಸುಪಾಸಿನಲ್ಲಿ ಅದು ತನ್ನ ಶಾಖವನ್ನು ಗಾಳಿಗೆ ಒಪ್ಪಿಸಿ ತಣ್ಣಗಾಗಿ, ಉಪ್ಪಿನ ದೆಸೆಯಿಂದ ಮೊದಲೇ ಭಾರವಾಗಿರುವುದರಿಂದ ತಳಕ್ಕೆ ಮುಳುಗಿ, ಆಳದಲ್ಲಿಯೇ ದಕ್ಷಿಣಕ್ಕೆ ಮರಳುವುದು. ಈ ಮುಳುಗುವಿಕೆಯೇ ಇಡೀ ಯಂತ್ರದ ಕೀಲು. ಭೂಮಿಯ ತಾಪವೇರಿದರೆ ಗ್ರೀನ್‌ಲೆಂಡಿನ ಹಿಮವು ಕರಗಿ ಸಿಹಿನೀರು ಸಮುದ್ರಕ್ಕೆ ಬೀಳುವುದು, ಉಪ್ಪು ತೆಳುವಾಗುವುದು, ನೀರು ಹಗುರಾಗಿ ಮುಳುಗುವುದು ಮಂದವಾಗುವುದು, ಹಿಂದಿನಿಂದ ಬರಬೇಕಾದ ಬಿಸಿನೀರಿನ ವೇಗವೂ ಕುಗ್ಗುವುದು. ಹೀಗೆ ತಾಪವೇ ತಾಪದ ವಾಹಕವನ್ನು ತಡೆಯುವುದು. ಉತ್ತರಕ್ಕೆ ಹೋಗದ ಶಾಖವು ನಷ್ಟವಾಗದೆ ದಕ್ಷಿಣದಲ್ಲಿಯೇ ಉಳಿಯುವುದರಿಂದ, ಇದು ವಿರೋಧವಲ್ಲ, ವಿರೋಧದ ಆಭಾಸ ಮಾತ್ರ. ಕಳೆದ ಒಂದು ಶತಮಾನದಲ್ಲಿ ಭೂಮಿಯ ಬಹುತೇಕ ಭಾಗಗಳೆಲ್ಲ ಬಿಸಿಯಾಗಿರುವಾಗ, ಗ್ರೀನ್‌ಲೆಂಡಿನ ದಕ್ಷಿಣದ ಸಮುದ್ರಭಾಗವೊಂದು ತಣ್ಣಗಾಗಿರುವುದು ಅಳತೆಗಳಿಂದ ಸಿದ್ಧವಾಗಿದೆ. ಈ ಪ್ರವಾಹವನ್ನು ೨೬.೫ ಅಂಶದ ಉತ್ತರ ಅಕ್ಷಾಂಶದಲ್ಲಿ ೨೦೦೪ರಿಂದ ಎಡೆಬಿಡದೆ ಅಳೆಯುತ್ತಿದ್ದಾರೆ.

ಪ್ರಾಚೀನ ದೃಷ್ಟಾಂತವೂ ಉಂಟು. ಸುಮಾರು ೧೨,೯೦೦ ವರ್ಷಗಳ ಹಿಂದೆ, ಹಿಮಯುಗವು ಕಳೆದು ಭೂಮಿಯು ಬೆಚ್ಚಗಾಗುತ್ತಿದ್ದ ಕಾಲದಲ್ಲಿಯೇ, ಉತ್ತರ ಅಟ್ಲಾಂಟಿಕದ ಸುತ್ತಲೂ ಚಳಿಯು ಥಟ್ಟನೆ ಮರಳಿ ಬಂದು ೧,೨೦೦ ವರ್ಷಗಳಷ್ಟು ನಿಂತಿತು. ಉತ್ತರ ಅಮೇರಿಕದ ಹಿಮರಾಶಿಯ ಕರಗುನೀರು ಸಮುದ್ರಕ್ಕೆ ಬಿದ್ದುದೇ ಇದಕ್ಕೆ ಕಾರಣವೆಂದು ಬಹುಮಂದಿ ವಿದ್ವಾಂಸರ ಮತ. ಆ ಕಾಲದಲ್ಲಿ ನಮ್ಮ ಮುಂಗಾರಿಯೂ ಕುಗ್ಗಿತ್ತೆಂಬುದಕ್ಕೆ ಮೇಘಾಲಯದ ಮಾವ್‌ಮ್ಲೂ ಗುಹೆಯ ಸುಣ್ಣಗಂಬಗಳು ಸಾಕ್ಷಿಯಾಗಿವೆ. ಗುಹೆಯ ಮಾಳಿಗೆಯಿಂದ ತೊಟ್ಟಿಕ್ಕಿದ ನೀರು ಪದರಪದರವಾಗಿ ಕಟ್ಟಿದ ಆ ಕಲ್ಲುಗಳು ಮಳೆಯ ಶಾಸನಗಳೇ ಸರಿ. ಉತ್ತರ ಗೋಳಾರ್ಧವು ತಣ್ಣಗಾದಾಗ ಉಷ್ಣವಲಯದ ಮಳೆಯ ಪಟ್ಟಿಯು ದಕ್ಷಿಣಕ್ಕೆ ಸರಿಯುವುದು. ನೆಲಕ್ಕೂ ಕಡಲಿಗೂ ಇರುವ ತಾಪದ ಅಂತರವು ಕಡಿಮೆಯಾಗಿ ಮುಂಗಾರಿಯ ಸೆಳೆತವು ತಗ್ಗುವುದು.

೪

ಈ ಬೆಳಕಿನಲ್ಲಿ ನಮ್ಮ ಸೀಮೆಯ ಚರಿತ್ರೆಯನ್ನು ನೋಡೋಣ. ಸುಗಂಧವರ್ತಿಯೆಂದು ಶಾಸನಗಳಲ್ಲಿ ಪ್ರಸಿದ್ಧವಾದ ಸವದತ್ತಿಯು ರಟ್ಟರ ರಾಜಧಾನಿಯಾಗಿತ್ತು. ಅಲ್ಲಿಯ ಶಾಂತಿವರ್ಮನ ಶಾಸನವು ಶಕ ೯೦೨, ಅಂದರೆ ಕ್ರಿ. ಶ. ೯೮೦ರದು; ಎರಡನೆಯ ಲಕ್ಷ್ಮೀದೇವನ ಶಾಸನವು ೧೨೨೮ರದು. ಯುರೋಪಿನ ವಿದ್ವಾಂಸರು ಉತ್ತರ ಅಟ್ಲಾಂಟಿಕದ ಮಧ್ಯಯುಗದ ಉಷ್ಣಕಾಲವೆಂದು ಗುರುತಿಸುವ ಅವಧಿಯು ಸುಮಾರು ೯೫೦ರಿಂದ ೧೨೫೦ರ ವರೆಗೆ. ಎರಡೂ ಬಹುಮಟ್ಟಿಗೆ ಒಂದರ ಮೇಲೊಂದು ಕೂಡುವುವು. ಛತ್ತೀಸಗಡದ ದಂಡಕ ಗುಹೆಯ ಸುಣ್ಣಗಂಬವೊಂದು ಕ್ರಿ. ಶ. ೬೦೦ರಿಂದ ೧೫೦೦ರ ವರೆಗಿನ ಮಳೆಯ ಕಥೆಯನ್ನು ಹೇಳುತ್ತಿದ್ದು, ಅದರಲ್ಲಿ ಆ ಉಷ್ಣಕಾಲದ ಮಳೆಗಾಲಗಳು ಒಳ್ಳೆಯವಾಗಿಯೂ, ಹದಿನಾಲ್ಕನೆಯ ಶತಮಾನದ ನಡುವಿನಿಂದ ಹದಿನೈದನೆಯದರ ನಡುವಿನ ವರೆಗೆ ದೀರ್ಘವಾದ ಮಳೆಗೇಡುಗಳಿಂದ ಕೂಡಿದುವಾಗಿಯೂ ತೋರುವುವು. ದಖ್ಖಣದಲ್ಲಿ ಪರಂಪರೆಯಿಂದ ಬಂದ ದುರ್ಗಾದೇವಿಯ ಬರವು ೧೩೯೬ರಿಂದ ಹನ್ನೆರಡು ವರ್ಷ ನಡೆಯಿತೆಂದು ಪ್ರತೀತಿ. ಹಿಂದೆ ಇದನ್ನು ಜನಶ್ರುತಿಯೆಂದು ತಳ್ಳಿಹಾಕುತ್ತಿದ್ದವರಿಗೆ ಇಂದು ಕಲ್ಲೇ ಉತ್ತರ ಕೊಡುತ್ತಿದೆ.

ಆದರೂ ರಟ್ಟರ ಏಳಿಗೆಗೆ ಅಟ್ಲಾಂಟಿಕದ ತಾಪವೇ ಕಾರಣವೆಂದು ಬರೆದುಬಿಡುವುದು ಸಾಹಸವಾಗುವುದು. ಕಾಗೆ ಕೂಡುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಕಾಲೈಕ್ಯವಿದ್ದ ಮಾತ್ರಕ್ಕೆ ಕಾರ್ಯಕಾರಣಭಾವವು ಸಿದ್ಧಿಸದು. ಕಿತ್ತೂರಿನ ಮಲ್ಲಸರ್ಜ ದೇಸಾಯಿಯು ತೀರಿಕೊಂಡುದು ೧೮೧೬ರಲ್ಲಿ. ಅದೇ ವರ್ಷ, ಹಿಂದಿನ ಏಪ್ರಿಲಿನಲ್ಲಿ ಸಿಡಿದ ಸುಂಬಾವಾ ದ್ವೀಪದ ತಂಬೋರಾ ಪರ್ವತದ ಧೂಳಿನಿಂದ ಸೂರ್ಯನ ತಾಪವು ಕುಂದಿ, ಯುರೋಪಿನಲ್ಲಿ ಬೇಸಗೆಯೇ ಬರಲಿಲ್ಲ. ಈ ಎರಡು ಸಂಗತಿಗಳನ್ನು ಯಾರಾದರೂ ಹೆಣೆದರೆ ಅದು ಕಾಕತಾಲೀಯವೇ ಹೊರತು ಇತಿಹಾಸವಲ್ಲ. ೧೮೨೪ರ ಕಿತ್ತೂರಿನ ಯುದ್ಧವೂ, ೧೮೨೯ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಆದ ರಾಣಿ ಚೆನ್ನಮ್ಮನ ಮರಣವೂ ಮನುಷ್ಯರ ಕೃತ್ಯಗಳು. ಅವುಗಳನ್ನು ಹವೆಯ ತಲೆಗೆ ಕಟ್ಟಲಾಗದು.

೫

ಕ್ಷಾಮದ ವಿಷಯದಲ್ಲಿಯೂ ಈ ವಿವೇಕವು ಬೇಕು. ೧೭೯೧–೯೨ರ ದೋಜಿ ಬರವೆಂಬ ಹೆಸರಿಗೆ ತಲೆಬುರುಡೆಗಳ ಬರವೆಂದು ಅರ್ಥ ಹೇಳಿರುವರು. ಹೂಳುವವರಿಲ್ಲದೆ ಸತ್ತವರ ತಲೆಗಳು ನೆಲದಲ್ಲಿ ಬಿದ್ದಿದ್ದುವಂತೆ. ೧೮೭೬–೭೮ರ ಮಹಾಕ್ಷಾಮದಲ್ಲಿ ಬೆಳಗಾವಿ ಜಿಲ್ಲೆಯ ಮೂಡಣ ಭಾಗಗಳು ಬೆಂದವು. ಆಗ ಬೈಲಹೊಂಗಲ ಕಿತ್ತೂರುಗಳು ಸಂಪಗಾವಿ ತಾಲೂಕಿನಲ್ಲಿಯೂ, ಸವದತ್ತಿಯು ಪರಸಗಡ ತಾಲೂಕಿನಲ್ಲಿಯೂ ಇದ್ದುವು. ರಾಮದುರ್ಗವು ಪ್ರತ್ಯೇಕ ಸಂಸ್ಥಾನವಾಗಿತ್ತು. ೧೮೭೨ರ ಖಾನೇಷುಮಾರಿಗಿಂತ ೧೮೮೧ರಲ್ಲಿ ಜಿಲ್ಲೆಯ ಜನಸಂಖ್ಯೆಯು ಕಡಿಮೆಯಾಗಿತ್ತೆಂಬುದೊಂದೇ ಆ ಸಂಕಟದ ಅಳತೆಗೆ ಸಾಕು.

ಈ ಎರಡು ಅನಾವೃಷ್ಟಿಗಳಿಗೂ ಮೂಲವು ಶಾಂತ ಮಹಾಸಾಗರದಲ್ಲಿತ್ತು. ಅಲ್ಲಿಯ ಮೂಡಣ ಭಾಗದ ನೀರು ಅತಿಯಾಗಿ ಬಿಸಿಯಾದ ಎಲ್ ನಿನೋ ವರ್ಷಗಳವು. ಅಲ್ಲಿ ನೀರು ಕಾದರೆ ಇಲ್ಲಿ ಮೋಡ ಬರಿದು. ಇದಕ್ಕಿಂತ ಮಿಗಿಲಾದ ಅಸಂಗತಿಯುಂಟೆ? ಈ ದೂರದ ಸಂಬಂಧಗಳನ್ನು ಮೊದಲು ಅರಸಿದವರು ನಮ್ಮ ದೇಶದ ಹವಾಮಾನ ಇಲಾಖೆಯವರೇ ಎಂಬುದು ಸ್ಮರಣೀಯ. ೧೮೭೫ರಲ್ಲಿ ಸ್ಥಾಪಿತವಾದ ಆ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಸಾಹೇಬರು ಹಿಮಾಲಯದಲ್ಲಿ ಹಿಮವು ಹೆಚ್ಚು ಬಿದ್ದ ವರ್ಷ ಬಯಲಿನಲ್ಲಿ ಮಳೆ ಕಡಿಮೆಯೆಂದು ೧೮೮೪ರಲ್ಲಿ ಪ್ರತಿಪಾದಿಸಿದರು. ೧೯೦೪ರಲ್ಲಿ ಆ ಅಧಿಕಾರಕ್ಕೆ ಬಂದ ಗಿಲ್ಬರ್ಟ್ ವಾಕರ್ ಸಾಹೇಬರು ಶಾಂತಸಾಗರಕ್ಕೂ ಹಿಂದೂಮಹಾಸಾಗರಕ್ಕೂ ನಡುವೆ ತೂಗುವ ವಾಯುಭಾರದ ತಕ್ಕಡಿಯನ್ನು ಕಂಡುಹಿಡಿದರು. ಬರಗಾಲದಿಂದ ಬೆಂದ ನೆಲದಲ್ಲಿಯೇ ಈ ಶಾಸ್ತ್ರವು ಮೊಳೆಯಿತು.

ಆದರೆ ಅನಾವೃಷ್ಟಿಯು ಬೇರೆ, ದುರ್ಭಿಕ್ಷವು ಬೇರೆ. ಭಿಕ್ಷೆಯೂ ದೊರೆಯದ ಸ್ಥಿತಿಗೆ ದುರ್ಭಿಕ್ಷವೆಂದು ಹೆಸರು. ಮಳೆಯ ಮಾತೇ ಆ ಶಬ್ದದಲ್ಲಿಲ್ಲ. ೧೭೯೦–೯೧ರಲ್ಲಿ ಪರಶುರಾಮಭಾವೂ ಪಟವರ್ಧನನ ದಂಡು ಧಾರವಾಡವನ್ನು ಮುತ್ತಿ ಕುಳಿತಿತ್ತು; ನೆಲದ ಕಾಳನ್ನು ಸೈನ್ಯವು ತಿಂದಿತು. ೧೮೭೭ರಲ್ಲಿ ರಿಚರ್ಡ್ ಟೆಂಪಲ್ ಸಾಹೇಬನು ಪರಿಹಾರದ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದಾಣೆಗೆ ಇಳಿಸಿದನು. ದೇಶದಿಂದ ಧಾನ್ಯದ ರಫ್ತು ಆಗಲೂ ನಿಲ್ಲಲಿಲ್ಲ. ಮಳೆಯನ್ನು ತಡೆದುದು ಸಮುದ್ರ. ಅನ್ನವನ್ನು ತಡೆದುದು ಆಡಳಿತ. ಕ್ಷಾಮದ ಇತಿಹಾಸವನ್ನು ಬರೆಯುವವನು ಈ ಎರಡು ಲೆಕ್ಕಗಳನ್ನು ಬೇರೆಬೇರೆಯಾಗಿಯೇ ಇಡತಕ್ಕದ್ದು. ಇಲ್ಲದಿದ್ದರೆ ಹವಾಮಾನಶಾಸ್ತ್ರವು ಅಧಿಕಾರಿಗಳ ದೋಷವನ್ನು ಮುಚ್ಚುವ ಹೊದಿಕೆಯಾಗುವುದು.

೬

ಇನ್ನು ಈಗಿನ ಕಾಲ. ೧೯೦೧ರಿಂದ ೨೦೧೮ರ ವರೆಗೆ ಭಾರತದ ಸರಾಸರಿ ತಾಪವು ಸುಮಾರು ೦.೭ ಅಂಶ ಏರಿರುವುದಾಗಿಯೂ, ೧೯೫೧ರಿಂದ ೨೦೧೫ರ ವರೆಗೆ ಮುಂಗಾರಿನ ಮಳೆಯು ಸುಮಾರು ನೂರಕ್ಕೆ ಆರರಷ್ಟು ಇಳಿದಿರುವುದಾಗಿಯೂ ಭಾರತ ಸರ್ಕಾರದ ಭೂವಿಜ್ಞಾನ ಸಚಿವಾಲಯವು ೨೦೨೦ರ ವರದಿಯಲ್ಲಿ ಹೇಳಿದೆ. ಜಗತ್ತಿನ ನೆಲಭಾಗದ ಸರಾಸರಿಗಿಂತ ನಮ್ಮ ಏರಿಕೆಯು ಕಡಿಮೆ. ಹೊಗೆ ಧೂಳುಗಳು ಬಿಸಿಲನ್ನು ತಡೆದುದೂ, ನೀರಾವರಿಯ ಹೊಲಗಳು ನೆಲವನ್ನು ತಂಪುಮಾಡಿದುದೂ ಇದಕ್ಕೆ ಕಾರಣಗಳೆಂದು ಹೇಳುವರು. ತಾಪವೆಂಬುದು ಎಲ್ಲೆಡೆಯೂ ಒಂದೇ ಅಳತೆಯಿಂದ ಏರುವುದಿಲ್ಲವೆಂಬುದಕ್ಕೆ ನಮ್ಮ ಮನೆಯಲ್ಲಿಯೇ ದೃಷ್ಟಾಂತವಿದೆ.

ಅಟ್ಲಾಂಟಿಕದ ಪ್ರವಾಹವು ಈ ಶತಮಾನದಲ್ಲಿ ಕ್ಷೀಣಿಸುವುದು ಬಹುಮಟ್ಟಿಗೆ ಖಚಿತವೆಂದೂ, ಅದು ೨೧೦೦ರೊಳಗೆ ಥಟ್ಟನೆ ನಿಲ್ಲಲಾರದೆಂದು ಸಾಧಾರಣ ನಂಬಿಕೆಯಿಂದ ಹೇಳಬಹುದೆಂದೂ ೨೦೨೧ರಲ್ಲಿ ಅಂತರರಾಷ್ಟ್ರೀಯ ವಿಜ್ಞಾನಮಂಡಲಿಯು ನಿರ್ಣಯಿಸಿದೆ. ಒಂದು ಕಡೆ ಬಿಸಿಯಾದ ಗಾಳಿಯು ಹೆಚ್ಚು ನೀರನ್ನು ಹೊತ್ತು ಒಮ್ಮೆಲೆ ಸುರಿಸುವುದು. ಇನ್ನೊಂದು ಕಡೆ ಉತ್ತರದ ಶೈತ್ಯವು ಮುಂಗಾರಿಯನ್ನು ಹಿಂದಕ್ಕೆಳೆಯಬಹುದು. ಎರಡು ಬಲಗಳು ಎದುರುಬದುರಾಗಿವೆ. ಬೇರೆಬೇರೆ ಕಾರಣಗಳಿಂದಲಾದರೂ, ಅತಿವೃಷ್ಟಿ ಅನಾವೃಷ್ಟಿಗಳೆರಡನ್ನೂ ಈ ಸೀಮೆಯು ಇತ್ತೀಚೆಗೆ ಒಟ್ಟೊಟ್ಟಿಗೇ ಕಂಡಿದೆ. ೨೦೧೯ರ ಆಗಸ್ಟಿನಲ್ಲಿ, ೧೯೭೦ರ ದಶಕದಲ್ಲಿ ನವಿಲುತೀರ್ಥದಲ್ಲಿ ಕಟ್ಟಿದ ರೇಣುಕಾಸಾಗರವು ತುಂಬಿ ಬಿಟ್ಟ ನೀರಿನಿಂದ ಮುನವಳ್ಳಿಯೂ ರಾಮದುರ್ಗದ ತೀರವೂ ಮುಳುಗಿದುವು. ನಾಲ್ಕೇ ವರ್ಷಗಳ ಮೇಲೆ, ೨೦೨೩ರ ಎಲ್ ನಿನೋ ವರ್ಷದಲ್ಲಿ, ಕರ್ನಾಟಕದ ೨೦೦ಕ್ಕಿಂತ ಹೆಚ್ಚು ತಾಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟುವು.

ಆದುದರಿಂದ ನಮ್ಮ ಅಧ್ಯಾಪಕರಲ್ಲಿ ಒಂದು ವಿಜ್ಞಾಪನೆ. ಒಂದು ಮಾಗಿಯ ಚಳಿಯಿಂದ ಭೂತಾಪದ ಖಂಡನೆಯೂ ಆಗದು, ಒಂದು ವರ್ಷದ ಬರದಿಂದ ಅದರ ಮಂಡನೆಯೂ ಆಗದು. ವಿಷಮ, ಅಸಂಗತಿಗಳ ಲಕ್ಷಣವನ್ನು ಪಾಠ ಹೇಳುವಾಗ ಕವಿಗಳ ಉದಾಹರಣೆಗಳ ಜೊತೆಗೆ ಗ್ರೀನ್‌ಲೆಂಡಿನ ಹಿಮವನ್ನೂ ಪರಸಗಡದ ಜೋಳದ ಹೊಲವನ್ನೂ ಹೇಳಿದರೆ, ವಿದ್ಯಾರ್ಥಿಗೆ ಅಲಂಕಾರವೂ ತಿಳಿಯುವುದು, ತನ್ನ ನೆಲವೂ ತಿಳಿಯುವುದು. ಈ ನಾಲ್ಕು ಸೀಮೆಗಳ ಶಾಸನಗಳಲ್ಲಿಯೂ ಹಳೆಯ ಕಾಗದಪತ್ರಗಳಲ್ಲಿಯೂ ಕೆರೆ, ಬಾವಿ, ಮಳೆ, ಬೆಳೆಗಳನ್ನು ಕುರಿತು ಬಂದ ಮಾತುಗಳನ್ನು ಕಾಲಕ್ರಮದಿಂದ ಸಂಗ್ರಹಿಸಿ, ಗುಹೆಗಳ ಕಲ್ಲಿನ ಲೆಕ್ಕದೊಡನೆ ಹೋಲಿಸಿ ನೋಡುವ ಕಾರ್ಯವನ್ನು ತರುಣ ಸಂಶೋಧಕರು ಕೈಕೊಳ್ಳಬೇಕು. ಮುಂದಿನ ಅನಾವೃಷ್ಟಿಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಅದು ದುರ್ಭಿಕ್ಷವಾಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿಯೇ ಇದೆ.