ಮುರಿದ ಗಿಟಾರ್ ಮತ್ತು ಹಳತಾದ ಪಾಠ

ಬಿಕಾಂ ಓದುವಾಗ ನಮಗೆ ಪಬ್ಲಿಕ್ ರಿಲೇಷನ್ಸ್ ಅಂದ್ರೆ ಮಾರ್ಕೆಟಿಂಗ್ ಪುಸ್ತಕದಲ್ಲಿ ಜಾಹೀರಾತಿನ ಪಾಠ ಮುಗಿದ ಮೇಲೆ ಬರೋ ಎರಡು ಪುಟ. ಪತ್ರಿಕಾ ಪ್ರಕಟಣೆ ಕಳಿಸೋದು, ಪತ್ರಿಕಾಗೋಷ್ಠಿ ಕರೆಯೋದು, ಸಂಪಾದಕರ ಜೊತೆ ಚೆನ್ನಾಗಿರೋದು. ಐದು ಮಾರ್ಕಿನ ಪ್ರಶ್ನೆ, ಅಷ್ಟೇ. ಆ ಪಾಠ ಎಲ್ಲಿಂದ ಬಂತು, ಯಾವಾಗ ಹಳತಾಯ್ತು ಅನ್ನೋದೇ ಇವತ್ತಿನ ಕಥೆ.

1906ರ ಅಕ್ಟೋಬರ್ 28. ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ರೈಲೊಂದು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು. ಇಂಥ ಹೊತ್ತಲ್ಲಿ ಬಾಯಿ ಬಿಡದೆ ಇರೋದು ಆಗಿನ ರೈಲ್ವೆ ಕಂಪನಿಗಳ ರೂಢಿ. ಆದರೆ ಪೆನ್ಸಿಲ್ವೇನಿಯಾ ರೈಲ್‌ರೋಡ್‌ಗೆ ಕೆಲಸ ಮಾಡ್ತಿದ್ದ ಐವಿ ಲೀ, ಹಿಂದೆ ತಾನೇ ಪತ್ರಕರ್ತನಾಗಿದ್ದವನು, ವರದಿಗಾರರನ್ನ ಕರೆಸಿ ಗೊತ್ತಿದ್ದ ವಿವರ ಬರೆದು ಕೊಟ್ಟ. ನ್ಯೂಯಾರ್ಕ್ ಟೈಮ್ಸ್ ಅದನ್ನ ಹಾಗ್ಹಾಗೇ ಅಚ್ಚು ಹಾಕಿತು. ಮೊದಲ ಪತ್ರಿಕಾ ಪ್ರಕಟಣೆ ಅಂತ ಪಿಆರ್ ಪುಸ್ತಕಗಳು ತೋರಿಸೋದು ಇದನ್ನೇ. (ಇದೇ ಲೀ, 1914ರ ಲಡ್ಲೋ ಹತ್ಯಾಕಾಂಡದ ನಂತರ ರಾಕ್‌ಫೆಲರ್ ಪರವಾಗಿ ತಪ್ಪು ಮಾಹಿತಿಯ ಕರಪತ್ರಗಳನ್ನೂ ಹಂಚಿದ. ನಮ್ಮ ಎರಡು ಪುಟದಲ್ಲಿ ಅದು ಇರಲಿಲ್ಲ ಬಿಡಿ.)

ಲೀ ಕಟ್ಟಿದ ಈ ಪದ್ಧತಿ ನಿಂತಿದ್ದು ಒಂದೇ ನಂಬಿಕೆ ಮೇಲೆ: ಕಂಪನಿಗೂ ಜನಕ್ಕೂ ನಡುವೆ ಪತ್ರಿಕೆ ಇರುತ್ತೆ, ಅದು ಅಚ್ಚಾಗೋಕೆ ಬೆಳಗಿನವರೆಗೆ ಟೈಮ್ ಇರುತ್ತೆ. 1984ರಲ್ಲಿ ಜೇಮ್ಸ್ ಗ್ರೂನಿಗ್ ಮತ್ತು ಟಾಡ್ ಹಂಟ್ ನಾಲ್ಕು ಮಾದರಿಗಳನ್ನ ವಿವರಿಸಿದ ಪುಸ್ತಕ ಬರೆದರು. ಜನರ ಮಾತು ಕೇಳಿ ಕಂಪನಿಯೂ ಬದಲಾಗೋ ‘ಎರಡು ದಿಕ್ಕಿನ’ ಸಂವಾದ ಅದರಲ್ಲಿ ಆದರ್ಶ. ಕ್ಲಾಸಿನಲ್ಲಿ ಇದನ್ನ ಪಾಠ ಮಾಡಿದ್ರು. ಆಫೀಸಿನಲ್ಲಿ ಮಾತ್ರ ಹೆಚ್ಚಿನವರು ಪ್ರಕಟಣೆ ಕಳಿಸಿ ಮನೆಗೆ ಹೋದ್ರು.

ಮಾರ್ಚ್ 31, 2008. ಕೆನಡಾದ ಗಾಯಕ ಡೇವ್ ಕ್ಯಾರೊಲ್ ಯುನೈಟೆಡ್ ಏರ್‌ಲೈನ್ಸ್‌ನಲ್ಲಿ ಹೊರಟಿದ್ದ. ಷಿಕಾಗೋದ ಒಹೇರ್ ವಿಮಾನ ನಿಲ್ದಾಣದಲ್ಲಿ, ಸಿಬ್ಬಂದಿ ಗಿಟಾರ್‌ಗಳನ್ನ ಎಸೀತಿದ್ದಾರೆ ಅಂತ ಪ್ರಯಾಣಿಕರೊಬ್ಬರು ಕಿಟಕಿಯಿಂದ ನೋಡಿ ಕೂಗಿದ್ರು. 3,500 ಡಾಲರ್‌ನ ಗಿಟಾರ್ ಮುರಿದಿತ್ತು. ಸುಮಾರು ಒಂಬತ್ತು ತಿಂಗಳು ಫೋನು, ಇಮೇಲು. ಕೊನೆಗೆ ಬಂದ ಉತ್ತರ: 24 ಗಂಟೆಯೊಳಗೆ ದೂರು ಕೊಟ್ಟಿಲ್ಲ, ಪರಿಹಾರ ಇಲ್ಲ.

2009ರ ಜುಲೈ 6ಕ್ಕೆ ಅವನು ‘ಯುನೈಟೆಡ್ ಬ್ರೇಕ್ಸ್ ಗಿಟಾರ್ಸ್’ ಹಾಡನ್ನ ಯೂಟ್ಯೂಬಿಗೆ ಹಾಕಿದ. ಒಂದೇ ದಿನದಲ್ಲಿ ಒಂದೂವರೆ ಲಕ್ಷ ಜನ ನೋಡಿದ್ರು. ಈಗ ಫೋನ್ ಮಾಡೋ ಸರದಿ ಕಂಪನಿಯದು! ಪರಿಹಾರ ಬೇಡ, ದಾನ ಕೊಡಿ ಅಂದ ಅವನು. ಕಂಪನಿ 3,000 ಡಾಲರನ್ನ ಥೆಲೋನಿಯಸ್ ಮಂಕ್ ಜಾಜ್ ಸಂಸ್ಥೆಗೆ ಕೊಟ್ಟು, ಸಿಬ್ಬಂದಿ ತರಬೇತಿಗೆ ಆ ವಿಡಿಯೊ ಬಳಸ್ತೀವಿ ಅಂದಿತು. ಹಾಡು ಬಿಸಿನೆಸ್ ಸ್ಕೂಲ್‌ಗಳಿಗೂ ಪಾಠವಾಗಿ ಹೋಯ್ತು.

ಇಲ್ಲೊಂದು ತಕರಾರಿದೆ ನಂದು. ಈ ಹಾಡಿನಿಂದ ಯುನೈಟೆಡ್ ಷೇರು ಶೇ. 10 ಬಿದ್ದು 18 ಕೋಟಿ ಡಾಲರ್ ನಷ್ಟವಾಯ್ತು ಅಂತ ಸ್ಲೈಡ್ ಮೇಲೆ ಸ್ಲೈಡ್ ಹೇಳುತ್ತವೆ. ಆರ್ಥಿಕ ಹಿಂಜರಿತದ ಆ ವರ್ಷ ವಿಮಾನ ಕಂಪನಿಗಳ ಷೇರು ದಿನಾ ಏಳ್ತಾ ಬೀಳ್ತಾ ಇದ್ದವು. ಹಾಡೇ ಕಾರಣ ಅನ್ನೋಕೆ ಪುರಾವೆ ಇಲ್ಲ. ಸುಳ್ಳು ಸುದ್ದಿ ಹೇಗೆ ಹಬ್ಬುತ್ತೆ ಅಂತ ಕಲಿಸಬೇಕಾದ ಕೋರ್ಸಿಗೇ ವೈರಲ್ ಆದ ಲೆಕ್ಕವೊಂದು ಸೇರಿಕೊಂಡಿದೆ. ಲೀ ಬಗ್ಗೆ ಅರ್ಧ ಕಥೆ ಹೇಳಿದ ಹಾಗೇ ಇದೂ.

ಇನ್ನು ಆ ತರಬೇತಿ. 2017ರ ಏಪ್ರಿಲ್ 9, ಮತ್ತೆ ಯುನೈಟೆಡ್, ಮತ್ತೆ ಒಹೇರ್. ಸೀಟು ಬಿಡಲ್ಲ ಅಂದ ಪ್ರಯಾಣಿಕರೊಬ್ಬರನ್ನ ಭದ್ರತಾ ಸಿಬ್ಬಂದಿ ನೆಲದ ಮೇಲೆ ಎಳ್ಕೊಂಡು ಹೋದ್ರು. ಅಕ್ಕಪಕ್ಕದವರ ಮೊಬೈಲ್ ವಿಡಿಯೊ ಜಗತ್ತೆಲ್ಲ ಸುತ್ತಿತು. ಮರುದಿನ ಸಿಇಒ ಆಸ್ಕರ್ ಮುನ್ಯೋಜ್ ಹೇಳಿಕೆಯಲ್ಲಿ, ಪ್ರಯಾಣಿಕರನ್ನ ‘ರೀ-ಅಕಾಮಡೇಟ್’ ಮಾಡಬೇಕಾಗಿ ಬಂದಿದ್ದಕ್ಕೆ ಕ್ಷಮೆ ಇರಲಿ ಅಂತಿತ್ತು. ಸಿಬ್ಬಂದಿಗೆ ಬರೆದ ಪತ್ರದಲ್ಲಂತೂ ತಪ್ಪು ಪ್ರಯಾಣಿಕರದ್ದೇ ಅನ್ನೋ ಧಾಟಿ. ಆ ಪತ್ರವೂ ಕೆಲವೇ ಗಂಟೆಗಳಲ್ಲಿ ಹೊರಬಿತ್ತು. ನೇರವಾದ ಕ್ಷಮೆ ಬಂದಿದ್ದು ಏಪ್ರಿಲ್ 11ಕ್ಕೆ.